ಜರ್ಮನಿಗೆ ಹೊಸದಾಗಿ ಬಂದಿದ್ದೀರಾ? ಇವರ ಫುಟ್‌ಬಾಲ್ ತಂಡದ ಕಥೆ ತಿಳಿದುಕೊಳ್ಳಿ

ಮನೆ ವಿಳಾಸದ ನೋಂದಣಿ, ಆರೋಗ್ಯ ವಿಮೆ, ಬ್ಯಾಂಕ್ ಖಾತೆ, ರೆಸಿಡೆನ್ಸ್ ಪರ್ಮಿಟ್. ಇವನ್ನೆಲ್ಲ ಬಂದ ಹೊಸದರಲ್ಲೇ ಮುಗಿಸಿಕೊಳ್ಳಿ, ಅಪಾಯಿಂಟ್‌ಮೆಂಟ್ ಬೇಗ ಸಿಗುವುದಿಲ್ಲ. ಇದರ ಬಗ್ಗೆ ಇಷ್ಟು ಸಾಕು. ಊರಲ್ಲಿರುವ ಯಾವ ಕನ್ನಡದವರನ್ನು ಕೇಳಿದರೂ ಹೇಳಿಕೊಡುತ್ತಾರೆ. ಯಾರೂ ಹೇಳಿಕೊಡದ ವಿಷಯ ಒಂದಿದೆ. ಅದು ಈ ದೇಶದ ಫುಟ್‌ಬಾಲ್ ತಂಡದ ಚರಿತ್ರೆ.

ನಮಗೆ ಕ್ರಿಕೆಟ್ ಸಾಕು, ಫುಟ್‌ಬಾಲ್ ಯಾಕೆ ಅಂತೀರಾ? ಇಲ್ಲಿನವರು ಪರಿಚಯವಾದ ಹೊಸದರಲ್ಲಿ ಸಂಬಳ, ಧರ್ಮ, ರಾಜಕೀಯ ಯಾವುದರ ಬಗ್ಗೆಯೂ ಬಾಯಿ ಬಿಡುವುದಿಲ್ಲ. ಫುಟ್‌ಬಾಲ್ ಅಂದರೆ ಮಾತು ತಾನಾಗಿ ಶುರುವಾಗುತ್ತದೆ. ವಿಶ್ವಕಪ್ಪೋ ಯೂರೋ ಕಪ್ಪೋ ಹತ್ತಿರ ಬಂದರೆ ಆಫೀಸಿನಲ್ಲಿ ಟಿಪ್‌ಷ್ಪೀಲ್ ಅಂತ ಒಂದು ಆಟ ನಡೆಯುತ್ತದೆ. ಪ್ರತಿ ಪಂದ್ಯದ ಸ್ಕೋರ್ ಮೊದಲೇ ಊಹಿಸಿ ಬರೆಯಬೇಕು, ಸರಿಯಾದರೆ ಪಾಯಿಂಟ್. ನಮ್ಮವರು ಸಾಮಾನ್ಯವಾಗಿ "ನನಗೆ ಗೊತ್ತಿಲ್ಲಪ್ಪ" ಅಂತ ಪಕ್ಕಕ್ಕೆ ಸರಿಯುತ್ತಾರೆ. ಮಧ್ಯಾಹ್ನ ಚಿತ್ರಾನ್ನದ ಡಬ್ಬಿ ಹಿಡಿದು ನಾವು ನಾವೇ ಒಂದು ಮೂಲೆಯ ಮೇಜಿಗೆ ಹೋಗುತ್ತೇವೆ. ಹತ್ತು ವರ್ಷ ಕಳೆದ ಮೇಲೆ "ಇವರು ನಮ್ಮನ್ನು ಸೇರಿಸಿಕೊಳ್ಳುವುದೇ ಇಲ್ಲ" ಅಂತ ಬೇಜಾರು ಮಾಡಿಕೊಳ್ಳುತ್ತೇವೆ. ಇದನ್ನು ಕೇಳಿ ಕೇಳಿ ನನಗೆ ಸಿಟ್ಟು ಬರುತ್ತದೆ. ದಯವಿಟ್ಟು ಟಿಪ್‌ಷ್ಪೀಲಿಗೆ ಹೆಸರು ಕೊಡಿ. ಸೋತರೆ ಹೋಗುವುದು ಐದೋ ಹತ್ತೋ ಯೂರೋ.

ಯಾರನ್ನು ಒಳಗೆ ಸೇರಿಸಿಕೊಳ್ಳಬೇಕು, ಯಾರನ್ನು ಹೊರಗಿಡಬೇಕು? ಈ ತಂಡ ನೂರು ವರ್ಷದಿಂದ ಇದೇ ಪ್ರಶ್ನೆಯ ಸುತ್ತ ತಿರುಗುತ್ತಿದೆ. ನಾವು ಹೊರಗಿನಿಂದ ಬಂದವರು. ಹಾಗಾಗಿ ನಾವು ಈ ಕಥೆಯನ್ನು ಓದಲೇಬೇಕು.

1954ರಿಂದ ಶುರು ಮಾಡಿ, ಯಾಕಂದರೆ ಇಲ್ಲಿನ ಅಜ್ಜಂದಿರೆಲ್ಲ ಅಲ್ಲಿಂದಲೇ ಶುರು ಮಾಡುತ್ತಾರೆ. ಯುದ್ಧ ಸೋತು, ಊರುಗಳು ಕುಸಿದು, ದೇಶ ಎರಡು ಹೋಳಾಗಿದ್ದ ಕಾಲ. 1950ರ ವಿಶ್ವಕಪ್‌ಗೆ ಇವರನ್ನು ಸೇರಿಸಿಕೊಂಡಿರಲಿಲ್ಲ. ಅದೇ ವರ್ಷ ನವೆಂಬರ್ 22ರಂದು ನಾನಿರುವ ಸ್ಟುಟ್‌ಗಾರ್ಟ್‌ನಲ್ಲಿ ಯುದ್ಧಾನಂತರದ ಮೊದಲ ಅಂತರರಾಷ್ಟ್ರೀಯ ಪಂದ್ಯ ನಡೆಯಿತು. ಎದುರಾಳಿ ಸ್ವಿಟ್ಜರ್‌ಲೆಂಡ್. ಒಂದು ಪೆನಾಲ್ಟಿ, ಅದೊಂದೇ ಗೋಲು. ನೋಡಲು ಲಕ್ಷಕ್ಕಿಂತ ಜಾಸ್ತಿ ಜನ ಸೇರಿದ್ದರು. ಮತ್ತೊಂದು ದೇಶದವರು ನಮ್ಮ ಜೊತೆ ಆಡಲು ಬಂದರಲ್ಲ, ಅನ್ನುವುದೇ ಅವರಿಗೆ ಗೋಲಿಗಿಂತ ದೊಡ್ಡದಾಗಿತ್ತು.

ನಾಲ್ಕು ವರ್ಷದ ನಂತರ, 1954ರ ಜುಲೈ 4ರಂದು, ಸ್ವಿಟ್ಜರ್‌ಲೆಂಡಿನ ಬರ್ನ್‌ನಲ್ಲಿ ವಿಶ್ವಕಪ್ ಫೈನಲ್. ಎದುರಿಗೆ ನಾಲ್ಕು ವರ್ಷ ಸೋಲೇ ಕಾಣದ ಹಂಗೆರಿ. ಗುಂಪಿನ ಪಂದ್ಯದಲ್ಲಿ ಅದೇ ಹಂಗೆರಿ ಇವರನ್ನು 8-3ರಿಂದ ಬಡಿದಿತ್ತು. ಫೈನಲ್‌ನಲ್ಲೂ ಎಂಟೇ ನಿಮಿಷದಲ್ಲಿ 2-0. ಮಳೆ ಸುರಿಯುತ್ತಿತ್ತು. ನಾಯಕ ಫ್ರಿಟ್ಸ್ ವಾಲ್ಟರ್ ಮಳೆಯಲ್ಲೇ ಚೆನ್ನಾಗಿ ಆಡುತ್ತಿದ್ದವರು. ಅಡಿಡಾಸ್ ಕಂಪನಿಯ ಆಡಿ ಡಾಸ್ಲರ್ ಮಾಡಿಕೊಟ್ಟ ಶೂಗಳ ಅಡಿಯಲ್ಲಿ ತಿರುಪಿನ ಸ್ಟಡ್‌ಗಳಿದ್ದವು (ಜಾರದಂತೆ ಹಿಡಿಯುವ ಮೊಳೆಗಳು), ಕೆಸರಿಗೆ ಬೇಕಾದ ಹಾಗೆ ಬದಲಾಯಿಸಬಹುದಿತ್ತು. 18ನೇ ನಿಮಿಷಕ್ಕೆ ಸಮಬಲ. 84ನೇ ನಿಮಿಷದಲ್ಲಿ ಹೆಲ್ಮುಟ್ ರಾನ್ ಹೊಡೆದ ಗೋಲಿನಿಂದ 3-2. ಜೋರು ಮಳೆ ಬಂದರೆ ವಯಸ್ಸಾದವರು ಈಗಲೂ "ಫ್ರಿಟ್ಸ್ ವಾಲ್ಟರ್ ಹವೆ" ಅನ್ನುತ್ತಾರೆ. ನಮ್ಮಲ್ಲಿ 1983ರ ಕಪ್ ಬಗ್ಗೆ, ಬಿನ್ನಿ, ಕಿರ್ಮಾನಿ ಬಗ್ಗೆ ಹೇಳುವಾಗ ಅಪ್ಪಂದಿರ ದನಿಯೇ ಬದಲಾಗುತ್ತಲ್ವಾ, ಹಾಗೆ.

ಆದರೆ ಅಲ್ಲಿಗೇ ನಿಲ್ಲಿಸಬೇಡಿ. ಸ್ವಲ್ಪ ಹಿಂದಕ್ಕೆ ಹೋಗಿ. ಸ್ಟುಟ್‌ಗಾರ್ಟ್‌ನಿಂದ ರೈಲಿನಲ್ಲಿ ಒಂದು ಗಂಟೆ ದೂರದ ಕಾರ್ಲ್ಸ್‌ರೂಹೆಯಲ್ಲಿ ಯೂಲಿಯಸ್ ಹಿರ್ಷ್, ಗಾಟ್‌ಫ್ರೀಡ್ ಫುಕ್ಸ್ ಎಂಬ ಇಬ್ಬರು ಆಟಗಾರರಿದ್ದರು. ಇಬ್ಬರೂ ಯಹೂದಿಗಳು. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಜರ್ಮನಿ ರಷ್ಯಾವನ್ನು 16-0ರಿಂದ ಸೋಲಿಸಿತು. ಅದರಲ್ಲಿ ಹತ್ತು ಗೋಲು ಫುಕ್ಸ್ ಒಬ್ಬರದೇ. ದೇಶದ ಪರ ಒಂದೇ ಪಂದ್ಯದಲ್ಲಿ ಅಷ್ಟು ಗೋಲು ಹೊಡೆದ ಇನ್ನೊಬ್ಬ ಜರ್ಮನ್ ಇವತ್ತಿಗೂ ಇಲ್ಲ. ಹಿರ್ಷ್ ಮೊದಲ ಮಹಾಯುದ್ಧದಲ್ಲಿ ಈ ದೇಶಕ್ಕಾಗಿ ಹೋರಾಡಿ ಪದಕ ಪಡೆದವರು. ಹಿಟ್ಲರ್ ಅಧಿಕಾರಕ್ಕೆ ಬಂದ ಬೆನ್ನಿಗೇ, 1933ರ ಏಪ್ರಿಲ್‌ನಲ್ಲಿ ದಕ್ಷಿಣ ಜರ್ಮನಿಯ ದೊಡ್ಡ ಕ್ಲಬ್‌ಗಳು ಸೇರಿ ಯಹೂದಿಗಳನ್ನು ಹೊರಗಿಡುವುದಾಗಿ ಪ್ರಕಟಿಸಿದವು. ಹಿರ್ಷ್ ಅದನ್ನು ಪತ್ರಿಕೆಯಲ್ಲಿ ಓದಿದರು. ತಮ್ಮ ಕ್ಲಬ್‌ಗೆ ತಾವೇ ರಾಜೀನಾಮೆ ಬರೆದುಕೊಟ್ಟರು. ಫುಕ್ಸ್ ದೇಶ ಬಿಟ್ಟು ಹೋಗಿ ಕೊನೆಗೆ ಕೆನಡಾ ಸೇರಿದರು. ಹಿರ್ಷ್ ಅವರನ್ನು 1943ರ ಮಾರ್ಚ್ 1ರಂದು ನಾಜಿಗಳು ಆಶ್‌ವಿಟ್ಸ್ ಸಾವಿನ ಶಿಬಿರಕ್ಕೆ ಸಾಗಿಸಿದರು. ಅವರು ಮರಳಿ ಬರಲಿಲ್ಲ. ಈಗ ಜರ್ಮನ್ ಫುಟ್‌ಬಾಲ್ ಸಂಸ್ಥೆ ಅವರ ಹೆಸರಿನಲ್ಲಿ ಪ್ರತಿ ವರ್ಷ ಪ್ರಶಸ್ತಿ ಕೊಡುತ್ತದೆ, 2005ರಿಂದ. ಜರ್ಮನ್ ಜೆರ್ಸಿ ತೊಡಿಸಿಕೊಂಡು ಮಕ್ಕಳನ್ನು ಕರೆದುಕೊಂಡು ಹೋಗುವವರು ಈ ಎರಡು ಹೆಸರನ್ನು ಅವರಿಗೆ ಹೇಳಿಕೊಡಿ. ಜೆರ್ಸಿ ತೊಟ್ಟವರನ್ನೂ ಹೊರಗೆ ಹಾಕಿದ ಕಾಲ ಒಂದಿತ್ತು ಅಂತ ಅವರಿಗೂ ಗೊತ್ತಿರಬೇಕು.

ಪೂರ್ವ ಜರ್ಮನಿಯ ಕಥೆ ಬೇರೆ. ಸಹೋದ್ಯೋಗಿಗಳಲ್ಲಿ ಡ್ರೆಸ್ಡೆನ್, ಲೈಪ್‌ಜಿಗ್ ಕಡೆಯವರಿದ್ದರೆ 1974ರ ಕಪ್ ಯಾರು ಗೆದ್ದರು ಅಂತ ಕೇಳಬೇಡಿ. ಆ ವರ್ಷ ಹ್ಯಾಂಬರ್ಗ್‌ನಲ್ಲಿ ನಡೆದ ಪಂದ್ಯದ ಬಗ್ಗೆ ಕೇಳಿ. ಎರಡು ಜರ್ಮನಿಗಳು ಎದುರುಬದುರಾಗಿ ಆಡಿದ ಒಂದೇ ವಿಶ್ವಕಪ್ ಪಂದ್ಯ ಅದು. ಯೂರ್ಗನ್ ಷ್ಪಾರ್‌ವಾಸರ್ ಗೋಲು ಹೊಡೆದರು, ಪೂರ್ವದವರು 1-0ರಿಂದ ಗೆದ್ದರು. ಆಮೇಲೆ ಬೆಕೆನ್‌ಬಾವರ್ ನಾಯಕತ್ವದ ಪಶ್ಚಿಮ ಜರ್ಮನಿ ಫೈನಲ್‌ನಲ್ಲಿ ನೆದರ್‌ಲೆಂಡ್ಸ್ ತಂಡವನ್ನು 2-1ರಿಂದ ಸೋಲಿಸಿ ಕಪ್ ಎತ್ತಿತು, ಅದು ಎಲ್ಲರಿಗೂ ಗೊತ್ತು. ಕಪ್ ಗೆದ್ದ ಆ ತಂಡದ ಕೋಚ್ ಹೆಲ್ಮುಟ್ ಷೋನ್ ಹುಟ್ಟಿದ್ದು ಡ್ರೆಸ್ಡೆನ್‌ನಲ್ಲೇ.

1990ರ ಸೆಪ್ಟೆಂಬರ್ 12ರಂದು ಪೂರ್ವ ಜರ್ಮನಿ ತಂಡ ಬ್ರಸೆಲ್ಸ್‌ನಲ್ಲಿ ಕೊನೆಯ ಪಂದ್ಯ ಆಡಿತು. ಕರೆದವರಲ್ಲಿ ಎಷ್ಟೋ ಜನ ಬರಲೇ ಇಲ್ಲ, ಹದಿನಾಲ್ಕು ಆಟಗಾರರೊಂದಿಗೆ ಹೋಗಿ ಬೆಲ್ಜಿಯಂ ವಿರುದ್ಧ 2-0ರಿಂದ ಗೆದ್ದರು. ಎರಡೂ ಗೋಲು ಮತ್ತಿಯಾಸ್ ಜಾಮರ್ ಅವರದು. ಮೂರು ತಿಂಗಳ ನಂತರ ಡಿಸೆಂಬರ್ 19ರಂದು ಒಂದಾದ ಜರ್ಮನಿಯ ಮೊದಲ ಪಂದ್ಯ. ಮತ್ತೆ ಸ್ಟುಟ್‌ಗಾರ್ಟ್, ಮತ್ತೆ ಸ್ವಿಟ್ಜರ್‌ಲೆಂಡ್. ಜಾಮರ್ ಮೊದಲಿನಿಂದಲೂ ಕಣದಲ್ಲಿದ್ದರು. ಬದಲಿ ಆಟಗಾರನಾಗಿ ಇಳಿದ ಪೂರ್ವದ ಇನ್ನೊಬ್ಬ ಆಟಗಾರ ಆಂಡ್ರಿಯಾಸ್ ಥಾಮ್ ಬಂದ ಕೂಡಲೇ ಗೋಲು ಹೊಡೆದರು. 4-0. ಕೇಳಲು ಚೆಂದ. ಆದರೆ 2014ರಲ್ಲಿ ಕಪ್ ಗೆದ್ದ ತಂಡದಲ್ಲಿ ಪೂರ್ವ ಜರ್ಮನಿಯಲ್ಲಿ ಹುಟ್ಟಿದವರು ಟೋನಿ ಕ್ರೋಸ್ ಒಬ್ಬರೇ. ತಮ್ಮ ದೇಶ ಹೋಯಿತು, ಹೆಸರೂ ಹೋಯಿತು, ಹೊಸ ಮನೆಯಲ್ಲಿ ತಮಗೆ ಜಾಗ ಕಡಿಮೆ ಅನ್ನುವ ನೋವು ಆ ಕಡೆಯವರಲ್ಲಿ ಇನ್ನೂ ಇದೆ. ವಲಸೆ ಹೋಗದೆಯೇ ಊರು ಕಳೆದುಕೊಂಡವರು ಅವರು. ಅವರ ಜೊತೆ ಕೂತು ಮಾತಾಡಿದರೆ ನಮಗೆ ಅರ್ಥವಾಗುವಂಥದ್ದು ಬಹಳ ಇರುತ್ತದೆ.

ಈಗ ನಮಗೆ ಹತ್ತಿರದ ಭಾಗ. 1961ರಲ್ಲಿ ಟರ್ಕಿಯ ಜೊತೆ ಒಪ್ಪಂದ ಮಾಡಿಕೊಂಡು ಇವರು ಕೆಲಸಗಾರರನ್ನು ಕರೆಸಿಕೊಂಡರು. ಸ್ವಲ್ಪ ವರ್ಷ ದುಡಿದು ವಾಪಸ್ ಹೋಗುತ್ತಾರೆ ಅಂತ ಲೆಕ್ಕ. ಅವರು ಹೋಗಲಿಲ್ಲ, ಮಕ್ಕಳಾದವು, ಮೊಮ್ಮಕ್ಕಳಾದವು. ಇಲ್ಲೇ ಹುಟ್ಟಿದ ಆ ಮಕ್ಕಳಿಗೆ ಪೌರತ್ವ ಸುಲಭವಾಗಿ ಸಿಗುವಂತಾದದ್ದು 2000ದಲ್ಲಿ ಕಾನೂನು ಬದಲಾದ ಮೇಲೆ. ಅದೇ ವರ್ಷ ಯೂರೋ ಕಪ್‌ನಲ್ಲಿ ತಂಡ ಒಂದೂ ಪಂದ್ಯ ಗೆಲ್ಲದೆ ಮನೆಗೆ ಬಂತು. ಆಮೇಲೆ ಇಲ್ಲಿನ ವೃತ್ತಿಪರ ಲೀಗ್ ಆದ ಬುಂಡೆಸ್‌ಲಿಗಾದ ಪ್ರತಿ ಕ್ಲಬ್ಬಿಗೂ ಮಕ್ಕಳ ತರಬೇತಿ ಕೇಂದ್ರ ಕಡ್ಡಾಯವಾಯಿತು. ಗಲ್ಲಿ ಗಲ್ಲಿಯಲ್ಲಿ ಹುಡುಕಿದಾಗ ಸಿಕ್ಕಿದ ಪ್ರತಿಭೆಗಳ ಅಪ್ಪ ಅಮ್ಮಂದಿರು ಎಲ್ಲೆಲ್ಲಿಂದಲೋ ಬಂದವರಾಗಿದ್ದರು.

2010ರ ವಿಶ್ವಕಪ್ ತಂಡ ನೋಡಿ. ಇಪ್ಪತ್ಮೂರರಲ್ಲಿ ಹನ್ನೊಂದು ಆಟಗಾರರ ಮನೆಯಲ್ಲಿ ವಲಸೆಯ ಕಥೆ ಇತ್ತು. ಕ್ಲೋಸೆ, ಪೊಡೋಲ್ಸ್ಕಿ ಪೋಲೆಂಡಿನಲ್ಲಿ ಹುಟ್ಟಿದವರು. ಸ್ಟುಟ್‌ಗಾರ್ಟ್‌ನ ಸಾಮಿ ಖೆದೀರಾ ಅವರ ಅಪ್ಪ ಟುನೀಶಿಯಾದವರು. ಕಾಕಾವ್ ಬ್ರೆಜಿಲ್‌ನಿಂದ ಬಂದವರು. ಯೆರೋಮ್ ಬೋಆಟೆಂಗ್ ಜರ್ಮನಿಗೆ ಆಡಿದರು. ಅವರ ಅಣ್ಣ, ಅದೇ ಅಪ್ಪನ ಮಗ ಕೆವಿನ್-ಪ್ರಿನ್ಸ್, ಅದೇ ವಿಶ್ವಕಪ್‌ನಲ್ಲಿ ಅಪ್ಪನ ದೇಶ ಘಾನಾ ಪರವಾಗಿ ಎದುರು ನಿಂತರು. ಬರ್ಲಿನ್‌ನಲ್ಲೇ ಹುಟ್ಟಿದ ಇಬ್ಬರು, ಎರಡು ಉತ್ತರ. ಯಾವುದು ತಪ್ಪು? ಎರಡೂ ಅಲ್ಲ ಅಂತಲೇ ನನ್ನ ನಂಬಿಕೆ.

ಮೆಸುಟ್ ಓಜಿಲ್ ವಿಷಯ ನಮ್ಮಂಥವರು ನಿಧಾನವಾಗಿ ಯೋಚಿಸಬೇಕಾದದ್ದು. ಗೆಲ್ಸೆನ್‌ಕಿರ್ಖೆನ್‌ನಲ್ಲಿ ಹುಟ್ಟಿ ಬೆಳೆದ ಹುಡುಗ, ಜರ್ಮನಿಯನ್ನು ಆರಿಸಿಕೊಂಡ. 2010ರ ಅಕ್ಟೋಬರ್‌ನಲ್ಲಿ ಬರ್ಲಿನ್‌ನಲ್ಲಿ ಟರ್ಕಿ ವಿರುದ್ಧ ಪಂದ್ಯ. ಟರ್ಕಿಯ ಅಭಿಮಾನಿಗಳು ಅವನು ಚೆಂಡು ಮುಟ್ಟಿದಾಗಲೆಲ್ಲ ಶಿಳ್ಳೆ ಹೊಡೆದು ಹೀಯಾಳಿಸಿದರು. ಅವನೂ ಗೋಲು ಹೊಡೆದ, ಸಂಭ್ರಮಿಸಲಿಲ್ಲ. ಪಂದ್ಯ ಮುಗಿದ ಮೇಲೆ ಚಾನ್ಸಲರ್ ಮೆರ್ಕೆಲ್ ಆಟಗಾರರ ಕೋಣೆಗೇ ಬಂದು ಕೈ ಕುಲುಕಿದರು. ಆ ಫೋಟೊ ಎಲ್ಲೆಡೆ ಬಂತು. 2018ರಲ್ಲಿ ಟರ್ಕಿಯ ಅಧ್ಯಕ್ಷ ಎರ್ದೋಗನ್ ಜೊತೆ ಇನ್ನೊಂದು ಫೋಟೊ. ಬೆನ್ನಿಗೇ ವಿಶ್ವಕಪ್‌ನಲ್ಲಿ ತಂಡ ಮೊದಲ ಸುತ್ತಿನಲ್ಲೇ ಹೊರಬಿತ್ತು. ಜುಲೈನಲ್ಲಿ ಓಜಿಲ್ ತಂಡ ಬಿಟ್ಟ. ಗೆದ್ದಾಗ ನಾನು ಜರ್ಮನ್, ಸೋತಾಗ ವಲಸಿಗ ಎಂಬರ್ಥದ ಮಾತು ಬರೆದು ಹೋದ. ಆ ಫೋಟೊ ತೆಗೆಸಿಕೊಂಡದ್ದು ಸರಿ ಅಂತ ನಾನು ಹೇಳುವುದಿಲ್ಲ. ಆದರೆ 92 ಪಂದ್ಯ ಆಡಿದವನ ಜರ್ಮನ್‌ತನವನ್ನು ಒಂದು ಫೋಟೊದಿಂದ ಅಳೆದದ್ದು ಘೋರ ಅನ್ಯಾಯ.

ಅದೇ ಫೋಟೊದಲ್ಲಿದ್ದ ಇಲ್ಕಾಯ್ ಗುಂಡೋಗನ್‌ಗೂ ಇಲ್ಲಿನವರೇ ಶಿಳ್ಳೆ ಹೊಡೆದರು. ಅವರು ಬಿಟ್ಟು ಹೋಗಲಿಲ್ಲ. 2024ರ ಯೂರೋ ಕಪ್ ಜರ್ಮನಿಯಲ್ಲೇ ನಡೆದಾಗ ಅವರೇ ನಾಯಕ. ಜೂನ್ 19ರಂದು ಸ್ಟುಟ್‌ಗಾರ್ಟ್‌ನಲ್ಲಿ ಹಂಗೆರಿ ವಿರುದ್ಧ 2-0. ಒಂದು ಗೋಲು ಗುಂಡೋಗನ್ ಅವರದು. ಇನ್ನೊಂದು ಇದೇ ಊರಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಬೆಳೆದ ಜಮಾಲ್ ಮುಸಿಯಾಲ ಅವರದು. ಊರಿಗೆ ಊರೇ ಅವರ ಹೆಸರು ಕೂಗಿತು. ಜುಲೈ 5ರಂದು ಅದೇ ಮೈದಾನದಲ್ಲಿ ಸ್ಪೇನ್ ಎದುರು ಸೋತದ್ದು, ಸ್ಪೇನ್ ಆಟಗಾರ ಕುಕುರೆಯಾ ಕೈಗೆ ಚೆಂಡು ತಗುಲಿದರೂ ಪೆನಾಲ್ಟಿ ಕೊಡದೇ ಇದ್ದದ್ದು, ಇವನ್ನು ನಿಮ್ಮ ಸಹೋದ್ಯೋಗಿಗಳೇ ಹೇಳುತ್ತಾರೆ. ಕೇಳಿಸಿಕೊಳ್ಳಲು ಸಮಯ ಇಟ್ಟುಕೊಳ್ಳಿ.

ಹೆಣ್ಣುಮಕ್ಕಳಿರುವ ಮನೆಯವರಿಗೆ ಇನ್ನೊಂದು ಮಾತು. ಬರ್ನ್‌ನಲ್ಲಿ ಗೆದ್ದ ಮರುವರ್ಷವೇ, 1955ರಲ್ಲಿ, ಇಲ್ಲಿನ ಫುಟ್‌ಬಾಲ್ ಸಂಸ್ಥೆ ತನ್ನ ಕ್ಲಬ್‌ಗಳಲ್ಲಿ ಹೆಂಗಸರು ಆಡುವುದನ್ನೇ ನಿಷೇಧಿಸಿತು. ಅದನ್ನು ತೆಗೆದದ್ದು 1970ರಲ್ಲಿ. 1989ರಲ್ಲಿ ಮಹಿಳಾ ತಂಡ ನಾರ್ವೆಯನ್ನು 4-1ರಿಂದ ಸೋಲಿಸಿ ಯೂರೋಪ್ ಚಾಂಪಿಯನ್ ಆದಾಗ ಸಂಸ್ಥೆ ಒಬ್ಬೊಬ್ಬರಿಗೂ ಕೊಟ್ಟ ಬಹುಮಾನ ಹೂವಿನ ಚಿತ್ತಾರದ ಒಂದು ಕಾಫಿ ಸೆಟ್. ಅದೂ ಮೊದಲ ದರ್ಜೆಯ ಮಾಲಲ್ಲ. ಆ ತಂಡದವರು 2003 ಮತ್ತು 2007ರಲ್ಲಿ ವಿಶ್ವಕಪ್ಪನ್ನೇ ಗೆದ್ದು ತಂದರು. ಮಗಳು ಭರತನಾಟ್ಯಕ್ಕೆ ಹೋಗಲಿ, ಫುಟ್‌ಬಾಲಿಗೂ ಹೋಗಲಿ. "ಕಾಲು ಮುರಿದುಕೊಂಡರೆ?" ಅನ್ನುವ ಮಾತು ಬೇಡ.

ಮಕ್ಕಳನ್ನು ಬಡಾವಣೆಯ ಕ್ಲಬ್ಬಿಗೆ ಸೇರಿಸಿ. ಒಂದು ಫಾರ್ಮು, ಒಂದು ಫೋಟೊ, ವರ್ಷದ ಚಂದಾ, ಅಷ್ಟೇ. ವಾರಾಂತ್ಯದ ಬೆಳಗ್ಗೆ ಪಂದ್ಯ ಇರುತ್ತದೆ. ಕಂಬಿ ಹಿಡಿದು ನಿಂತ ಅಪ್ಪ ಅಮ್ಮಂದಿರ ಕೈಯಲ್ಲಿ ಥರ್ಮಾಸ್. ಪಕ್ಕದಲ್ಲಿ ಒಂದು ಉದ್ದ ಮೇಜಿನ ಮೇಲೆ ಮನೆಯಲ್ಲಿ ಮಾಡಿದ ಕೇಕುಗಳು, ತುಂಡಿಗೆ ಇಷ್ಟು ಅಂತ ಚೀಟಿ, ಬಂದ ದುಡ್ಡು ತಂಡದ ಖರ್ಚಿಗೆ. ನಿಮ್ಮ ಸರದಿ ಬಂದಾಗ ರವೆ ಕೇಕ್ ಮಾಡಿಕೊಂಡು ಹೋಗಿ, ಖಾಲಿಯಾಗುತ್ತದೆ. ಆಟ ಮುಗಿದ ಮೇಲೆ ಮಕ್ಕಳೆಲ್ಲ ನಲ್ಲಿಯ ಹತ್ತಿರ ಸಾಲಾಗಿ ನಿಂತು, ಅಲ್ಲಿ ಇಟ್ಟಿರುವ ಗಟ್ಟಿ ಬ್ರಷ್ಷಿನಿಂದ ಶೂಗಳ ಕೆಸರು ಉಜ್ಜುತ್ತಾರೆ. ಕ್ರೊವೇಷಿಯಾದ ಹುಡುಗ, ಟರ್ಕಿಯ ಹುಡುಗ, ಅಪ್ಪಟ ಶ್ವಾಬಿಯಾದ (ಸ್ಟುಟ್‌ಗಾರ್ಟ್ ಸುತ್ತಲಿನ ಸೀಮೆಯ) ಹುಡುಗಿ, ನಮ್ಮ ಹಾಸನದವರ ಮಗ. ಎಲ್ಲರ ಬಾಯಲ್ಲೂ ಒಂದೇ ಜರ್ಮನ್, ಈ ಊರಿನ ಎಳೆದ ಧಾಟಿಯದು. ನಮ್ಮ ನಾಲಿಗೆಗೆ ಅದು ಎಂದೂ ಬರುವುದಿಲ್ಲ.

ಅಲ್ಲಿ ನಿಂತಾಗ ಸಂತೋಷದ ಜೊತೆ ಹೊಟ್ಟೆಯಲ್ಲಿ ಒಂದು ಸಂಕಟವೂ ಆಗುತ್ತದೆ, ಸುಳ್ಳು ಹೇಳುವುದಿಲ್ಲ. 2024ರ ಕಾನೂನಿನಂತೆ ಐದು ವರ್ಷಕ್ಕೆ ಜರ್ಮನ್ ಪೌರತ್ವ ಕೇಳಬಹುದು, ಹಳೆಯದನ್ನು ಬಿಡಿ ಅಂತ ಇವರು ಹೇಳುವುದಿಲ್ಲ. ಟರ್ಕಿಯವರು ಎರಡನ್ನೂ ಇಟ್ಟುಕೊಳ್ಳುತ್ತಾರೆ. ನಮ್ಮ ದೇಶ ಒಪ್ಪುವುದಿಲ್ಲ, ನಾವು ಭಾರತದ ಪಾಸ್‌ಪೋರ್ಟ್ ಒಪ್ಪಿಸಲೇಬೇಕು. ವಿದೇಶಿ ಪೌರತ್ವ ಪಡೆದ ಭಾರತ ಮೂಲದವರಿಗೆ ಕೊಡುವ ಓಸಿಐ ಕಾರ್ಡಿನಲ್ಲಿ ಮತ ಹಾಕುವ ಹಾಗಿಲ್ಲ, ಊರಲ್ಲಿ ತೋಟ ಕೊಳ್ಳುವ ಹಾಗಿಲ್ಲ. ಮಗ ಎಷ್ಟೇ ಚೆನ್ನಾಗಿ ಆಡಿದರೂ ಆ ಕಾರ್ಡ್ ಹಿಡಿದು ಭಾರತದ ಪರ ಆಡುವ ಹಾಗೂ ಇಲ್ಲ. ಈ ನಿರ್ಧಾರಕ್ಕೆ ಆತುರ ಬೇಡ. ಗಂಡ ಹೆಂಡತಿ ಕೂತು ಮಾತಾಡಿ, ಊರಲ್ಲಿ ಅಪ್ಪ ಅಮ್ಮನಿಗೂ ಮೊದಲೇ ತಿಳಿಸಿ. ಅವರಿಗೆ ಆಮೇಲೆ ಬೇರೆಯವರಿಂದ ಗೊತ್ತಾದರೆ ಬಹಳ ನೋಯುತ್ತಾರೆ.

ಮಕ್ಕಳನ್ನು ಮಾತ್ರ "ನೀನು ಯಾವ ದೇಶದ ಪರ?" ಅಂತ ನೆಂಟರ ಮುಂದೆ ನಿಲ್ಲಿಸಿ ಕೇಳಬೇಡಿ. ಓಜಿಲ್‌ನನ್ನು ಎರಡೂ ಕಡೆಯವರು ಕೇಳಿ ಕೇಳಿ ಹಿಂಡಿದ ಪ್ರಶ್ನೆ ಅದು. ಜರ್ಮನಿ ಆಡುವ ದಿನ ಅವರ ಜೊತೆ ಕೂತು ನೋಡಿ, ಆಟಗಾರರ ಹೆಸರನ್ನು ಅವರಿಂದಲೇ ಕಲಿಯಿರಿ. ಅಕ್ಕಪಕ್ಕದವರನ್ನೂ ಕರೆಯಿರಿ, ಆದರೆ ವಾರ ಮೊದಲೇ ಹೇಳಿ, ಇಲ್ಲಿ ದಿಢೀರ್ ಅಂತ ಯಾರೂ ಬರುವುದಿಲ್ಲ. ಮೆಣಸಿನಕಾಯಿ ಬೋಂಡ ಮಾಡಿದರೆ ಖಾರ ಕಡಿಮೆ ಇರುವ ಮೆಣಸಿನಕಾಯಿ ಆರಿಸಿ. ಪಂದ್ಯ ರಾತ್ರಿ ಹತ್ತು ದಾಟುವ ಹಾಗಿದ್ದರೆ, ಸದ್ದಾಗಬಹುದು ಅಂತ ಮೆಟ್ಟಿಲ ಹತ್ತಿರ ಒಂದು ಚೀಟಿ ಅಂಟಿಸಿ, ಕೆಳಗೆ ನಿಮ್ಮ ಹೆಸರು ಬರೆಯಿರಿ, ನೀವೂ ಬನ್ನಿ ಅಂತ ಒಂದು ಸಾಲು ಸೇರಿಸಿ.