ಬಚ್ಚಲುಮನೆ ಸೂರಿನ ಕಡಜ

ಮೂಡಿಗೆರೆ ಕಡೆ ನಮ್ಮದು ನಾಲ್ಕು ಎಕರೆ ಕಾಫಿ ತೋಟ, ಹಳೇ ಹೆಂಚಿನ ಮನೆ. ಕಡಜ ಕಚ್ಚುವುದು ನಮಗೆ ಹೊಸದಲ್ಲ. ಹಣ್ಣು ಕೊಯ್ಯುವಾಗ ಗೂಡಿರುವ ಕೊಂಬೆಗೆ ಕೈ ತಾಗಿದರೆ ಸಾಕು, ಮುಖಕ್ಕೇ ಬರುತ್ತವೆ. ಕಚ್ಚಿದಲ್ಲಿ ಸುಣ್ಣ ಹಚ್ಚಿ ಕೆಲಸ ಮುಂದುವರಿಸುವುದೇ ರೂಢಿ. ಅತ್ತೆಗೂ ಎಷ್ಟೋ ಸಲ ಕಚ್ಚಿತ್ತು. ಒಂದು ದಿನ ಊತ, ಅಷ್ಟೇ.

ಹೋದ ವರ್ಷ ಹಾಗಾಗಲಿಲ್ಲ. ಬಚ್ಚಲುಮನೆ ಸೂರಿನಡಿ ಅಂಗೈ ಅಗಲದ ಗೂಡಿತ್ತು. ‘ಅದರ ಪಾಡಿಗೆ ಅದಿರಲಿ ಬಿಡೇ’ ಅಂತ ಅತ್ತೆಯೇ ಅಂದಿದ್ದರು. ಒಂದು ಬೆಳಿಗ್ಗೆ ಹಸಿ ಸೌದೆ ತುಂಬಿ ಹಂಡೆ ಒಲೆ ಹಚ್ಚಿದರು. ಹೊಗೆ ನೇರ ಸೂರಿಗೆ ಹೋಯ್ತು. ಕತ್ತಿಗೆ ಎರಡು ಕಡೆ ಕಚ್ಚಿದವು.

ಹತ್ತೇ ನಿಮಿಷ. ಮೊದಲು ಅಂಗೈ, ಅಂಗಾಲು ತುರಿಕೆ. ಆಮೇಲೆ ಹೊಟ್ಟೆ ಮೇಲೆಲ್ಲ ದದ್ದು. ತುಟಿ ಊದಿತು, ದನಿ ಒಡೆಯಿತು. ನಾನು ಇನ್ನೂ ಸುಣ್ಣದ ಡಬ್ಬಿ ಹುಡುಕುತ್ತಿದ್ದೆ! ಅಲರ್ಜಿ ಮಾತ್ರೆ ನುಂಗಿಸಿ, ಜೀಪಿನವರೆಗೆ ನಡೆಸಿಕೊಂಡು ಹೋದೆವು. ಗೇಟಿನ ಹತ್ತಿರ ಕಣ್ಣು ಕತ್ತಲೆ ಬಂದು ಕುಸಿದರು.

ಆಸ್ಪತ್ರೆಯಲ್ಲಿ ತೊಡೆಗೆ ಅಡ್ರಿನಲಿನ್ ಇಂಜೆಕ್ಷನ್ ಕೊಟ್ಟ ಮೇಲೆ ಉಸಿರು ಸಲೀಸಾಯ್ತು. ಸಂಜೆವರೆಗೂ ಅಲ್ಲೇ ಇಟ್ಟುಕೊಂಡರು, ಇಳಿದದ್ದು ಕೆಲವು ಗಂಟೆ ಬಿಟ್ಟು ಮತ್ತೆ ಏಳಬಹುದಂತೆ. ಮಾತ್ರೆ ತುರಿಕೆಗೆ ಸರಿ, ಉಸಿರು ಕಟ್ಟಿದರೆ ಅದನ್ನು ನಂಬಿ ಕೂರಬಾರದು ಅಂದರು ಡಾಕ್ಟರು. ತಲೆ ಸುತ್ತುವವರನ್ನು ನಡೆಸಲೂಬಾರದು, ಕಾಲು ಎತ್ತರಕ್ಕೆ ಮಾಡಿ ಮಲಗಿಸಬೇಕು. ಉಸಿರಾಡಲು ಕಷ್ಟವಾದರೆ ಒರಗಿಸಿ ಕೂರಿಸಬೇಕು. ಹಿಂದೆ ಹತ್ತು ಸಲ ಕಚ್ಚಿ ಏನೂ ಆಗದವರಿಗೂ ಹನ್ನೊಂದನೇ ಸಲ ಹೀಗಾಗಬಹುದು. ನನಗೆ ಗೊತ್ತೇ ಇಲ್ಲದ ವಿಷಯ ಇದು.

ಆ ಗೂಡು ತೆಗೆದದ್ದು ನಾನು. ಮನೆಯವರು ದೊಂದಿ ಹಿಡಿಯೋಣ ಅಂದರು. ಹೆಂಚಿನಡಿ ಒಣಗಿದ ರೀಪು, ಪಕ್ಕದಲ್ಲೇ ಸೌದೆ ರಾಶಿ. ಬೇಡವೇ ಬೇಡ ಅಂದೆ. ಕತ್ತಲಾಗಿ ಎಲ್ಲ ಗೂಡು ಸೇರುವವರೆಗೆ ಕಾದೆ. ರೈನ್‌ಕೋಟು, ಗಂಬೂಟು, ಗ್ಲೌಸು, ತಲೆಗೆ ಸೊಳ್ಳೆಪರದೆ ಬಟ್ಟೆ. ಟಾರ್ಚಿಗೆ ಕೆಂಪು ಪ್ಲಾಸ್ಟಿಕ್ ಸುತ್ತಿದೆ, ಕೆಂಪು ಬೆಳಕು ಅವಕ್ಕೆ ಅಷ್ಟಾಗಿ ಕಾಣುವುದಿಲ್ಲ. ಗಿಡಕ್ಕೆ ಬೋರ್ಡೋ ಔಷಧಿ ಹೊಡೆಯುವ ಪಂಪನ್ನು ಚೆನ್ನಾಗಿ ತೊಳೆದು, ಪಾತ್ರೆ ತೊಳೆಯುವ ಸೋಪಿನ ನೀರು ತುಂಬಿ ದೂರದಿಂದ ಹೊಡೆದೆ. ಸೋಪು ನೀರಿಗೆ ರೆಕ್ಕೆ ಅಂಟಿ, ಉಸಿರಾಡುವ ತೂತು ಮುಚ್ಚಿ ಪಟಪಟ ಉದುರಿದವು. ಬೆಳಿಗ್ಗೆ ದೋಟಿಯಲ್ಲಿ ಗೂಡು ಕೆಡವಿದೆ. ಅತ್ತೆಯನ್ನು ಅಷ್ಟು ಹೊತ್ತೂ ಒಳಗೇ ಕೂರಿಸಿದ್ದೆ. ಮರದಲ್ಲಿ ಬುಟ್ಟಿಯಷ್ಟು ದೊಡ್ಡ ಗೂಡಿದ್ದರೆ ಈ ಸಾಹಸ ಮಾಡಬೇಡಿ. ಹೆಜ್ಜೇನಿಗಂತೂ ಬೇಡವೇ ಬೇಡ.

ಈಗ ಅಷ್ಟು ದೊಡ್ಡದಾಗಲು ಬಿಡುವುದಿಲ್ಲ. ಕಾಫಿ ಹೂವಾಗುವ ಹೊತ್ತಿಗೆ ವಾರಕ್ಕೊಮ್ಮೆ ಸೂರು, ಕಿಟಕಿ ಸಂದಿ, ಕೊಟ್ಟಿಗೆ ಜಂತಿ ನೋಡುತ್ತೇನೆ. ಶುರುವಿನಲ್ಲಿ ಗೂಡು ರೂಪಾಯಿ ನಾಣ್ಯದಷ್ಟೇ ಇರುತ್ತದೆ, ಹೆಚ್ಚಾಗಿ ಒಂದೇ ಹುಳ. ಅದು ಹಾರಿಹೋದಾಗ ಉದ್ದ ಪೊರಕೆಯಲ್ಲಿ ಕೆಡವಿದರೆ ಆಯ್ತು. ಮತ್ತೆ ಅಲ್ಲೇ ಕಟ್ಟಿದರೆ ಮತ್ತೆ ಕೆಡವುತ್ತೇನೆ.

ಅತ್ತೆ ಈಗ ಮೊದಲು ಸೂರು ನೋಡಿ, ಆಮೇಲೆ ಒಲೆ ಹಚ್ಚುತ್ತಾರೆ. ಸುಣ್ಣದ ಡಬ್ಬಿ ಮಾತ್ರ ಕಿಟಕಿಯಲ್ಲೇ ಇದೆ, ಎಲೆ ಅಡಿಕೆಗೆ.