ಜರ್ಬಿಲ್ ಬಾಣಂತನ

ಜರ್ಬಿಲ್ ಅಂದರೆ ಇಲಿಯಂಥ ಪುಟ್ಟ ಸಾಕುಪ್ರಾಣಿ. ನಮ್ಮ ಜೋಡಿಯನ್ನು ಅಂಗಡಿಯವರು "ಎರಡೂ ಹೆಣ್ಣು" ಅಂತಲೇ ಕೊಟ್ಟಿದ್ದರು. ಇಂಗ್ಲೆಂಡಿನ ರೆಡಿಂಗ್‌ನ ನಮ್ಮ ಮನೆಯಲ್ಲಿ ಒಂದು ಭಾನುವಾರ ಪಂಜರದ ಮೂಲೆಯಿಂದ ಚಿಂಯ್ ಚಿಂಯ್ ಸದ್ದು ಬಂದಾಗಲೇ ಗೊತ್ತಾಗಿದ್ದು, ಒಂದು ಗಂಡು ಅಂತ. ಚೂರು ಮಾಡಿದ ಟಿಶ್ಯೂ ಪೇಪರಿನ ನಡುವೆ ಐದು ಮರಿ. ಮೈಮೇಲೆ ಕೂದಲಿಲ್ಲ, ಕಣ್ಣು ಬಿಟ್ಟಿಲ್ಲ. ಕುಡಿದ ಹಾಲು ಹೊಟ್ಟೆಯ ಚರ್ಮದಾಚೆಯಿಂದ ಬಿಳಿ ಚುಕ್ಕೆಯಂತೆ ಕಾಣುತ್ತಿತ್ತು.

ಹಿಂದೆ ಹ್ಯಾಮ್‌ಸ್ಟರ್ ಸಾಕಿದ್ದೆ, ಅದೂ ಇಲಿಯಂಥದ್ದೇ. ಅವುಗಳಲ್ಲಿ ಗಂಡನ್ನು ತಾಯಿ-ಮರಿಗಳ ಜೊತೆಗೆ ಬಿಡುವ ಹಾಗಿಲ್ಲ. ಇಲ್ಲೂ ಹಾಗೇ ಇರಬೇಕು ಅಂತ ಅಪ್ಪನನ್ನು ಎತ್ತಿ ಬೇರೆ ಡಬ್ಬಿಗೆ ಹಾಕಿದೆ. ತಾಯಿ ಮರಿಗಳನ್ನು ಬಿಟ್ಟು ಪಂಜರವೆಲ್ಲ ಹುಡುಕಾಡಿದಳು. ಹಿಂಗಾಲನ್ನು ನೆಲಕ್ಕೆ ದಬದಬ ಬಡಿದಳು. ಅರ್ಧ ಗಂಟೆಗೇ ವಾಪಸ್ ಬಿಟ್ಟೆ. ಬಂದವನೇ ಮರಿಗಳ ಮೇಲೆ ಬೆಚ್ಚಗೆ ಕೂತ. ಆಮೇಲೆ ಅವಳು ಹೊರಗೆ ಬಂದು ಕಾಳು ತಿಂದಳು.

ನಾನು ಮಾಡಿದ್ದು ಕಮ್ಮಿ. ಮರಿ ಸಿಕ್ಕಿಕೊಂಡೀತು ಅಂತ ಓಡುವ ಚಕ್ರ ತೆಗೆದೆ. ಎರಡು ವಾರ ಪಂಜರ ತೊಳೆಯಲಿಲ್ಲ, ಒದ್ದೆಯಾದ ಜಾಗ ಮಾತ್ರ ತೆಗೆದೆ. ತಾಯಿಗೆ ದಿನಾ ಚೂರು ಬೇಯಿಸಿದ ಮೊಟ್ಟೆ. ನಾಲ್ಕನೇ ದಿನ ಒಂದು ಮರಿ ಗೂಡಿನಿಂದಾಚೆ ತಣ್ಣಗೆ ಬಿದ್ದಿತ್ತು. ನನ್ನ ವಾಸನೆ ತಾಗದಿರಲಿ ಅಂತ ಕೈಗೆ ಗೂಡಿನ ಹಾಸು ಉಜ್ಜಿಕೊಂಡು, ಅಂಗೈಯಲ್ಲಿ ಮುಚ್ಚಿ ಹಿಡಿದೆ. ಹತ್ತು ನಿಮಿಷಕ್ಕೆ ಬೆರಳ ಸಂದಿಯಲ್ಲಿ ಮಿಸುಕಾಡಿತು. ಮೆಲ್ಲಗೆ ಉಳಿದವುಗಳ ನಡುವೆ ಸೇರಿಸಿದೆ. ವಾರಕ್ಕೆ ತೆಳ್ಳಗೆ ಕೂದಲು, 18ನೇ ದಿನ ಕಣ್ಣು. ಆಗ ನೀರಿನ ಬಾಟಲಿಯ ನಳಿಕೆ ಅವುಗಳಿಗೆ ಎಟುಕುವ ಹಾಗೆ ಇಳಿಸಿದೆ. ಮಗಳಿಗೆ ಒಂದೇ ಮಾತು ಹೇಳಿದ್ದೆ: ಬಾಲ ಹಿಡಿದು ಎತ್ತಬಾರದು, ತುದಿಯ ಚರ್ಮ ಸುಲಿದು ಕೈಗೆ ಬರುತ್ತದೆ.

ಅಪ್ಪನನ್ನು ಜೊತೆಗೆ ಬಿಟ್ಟಿದ್ದಕ್ಕೆ ತೆರಬೇಕಾದ ದಂಡವೂ ಇತ್ತು. ಜರ್ಬಿಲ್‌ಗಳು ಹೆತ್ತ ದಿನವೇ ಮತ್ತೆ ಕೂಡುತ್ತವೆ. ಸಾಮಾನ್ಯವಾಗಿ 24–26 ದಿನದ ಬಸಿರು, ಮರಿ ಹಾಲು ಕುಡಿಯುತ್ತಿದ್ದರೆ ಇನ್ನೂ ಮುಂದಕ್ಕೆ ಹೋಗುತ್ತದೆ. ಐದನೇ ವಾರ ಅವಳ ಹೊಟ್ಟೆ ಮತ್ತೆ ಉಬ್ಬಿತ್ತು. ಮೂರನೇ ಸೂಲು ಬೇಡವೇ ಬೇಡ ಅಂತ ಅಪ್ಪನನ್ನೂ ಮೂರು ಗಂಡುಮರಿಗಳನ್ನೂ ಒಂದು ಪಂಜರಕ್ಕೆ, ಇಬ್ಬರು ಹೆಣ್ಣುಮಕ್ಕಳನ್ನು ಇನ್ನೊಂದಕ್ಕೆ ಹಾಕಿದೆ.

ಫೋನಿನಲ್ಲಿ ಅಮ್ಮ ನಕ್ಕಳು. "ಬಾಣಂತಿ ತವರಿಗೆ ಹೋಗೋದು ಕೇಳಿದೀನಿ, ಗಂಡನ್ನ ಕಳಿಸೋದು ಇದೇ ಮೊದಲು ಕಣೋ."

ಮೂರು ದಿನ ಬಿಟ್ಟು ಇನ್ನೂ ನಾಲ್ಕು ಮರಿ ಬಂದವು. ಈ ಸಲ ಒಬ್ಬಳೇ ಸಾಕಿದಳು. ಕಾಳು ತಿನ್ನಲು ಬಂದರೂ ಎರಡು ಕಚ್ಚಿ ಗೂಡಿಗೆ ಓಡುತ್ತಿದ್ದಳು.