ಲೈನ್ ತೆಗೆಯಬೇಕೆ, ಉಳಿಸಬೇಕೆ?

ಮೈಸೂರಿನಲ್ಲಿ ನಾನು ನೋಡಿಕೊಳ್ಳುವ ಮಕ್ಕಳಲ್ಲಿ ಕೆಲವರಿಗೆ ದೊಡ್ಡ ರಕ್ತನಾಳಕ್ಕೆ ಇಳಿಸಿದ ತೆಳು ಕೊಳವೆ (ಕ್ಯಾಥೆಟರ್), ಅಂದರೆ ವಾರ್ಡಿನ ಮಾತಿನಲ್ಲಿ ‘ಲೈನ್’, ತಿಂಗಳುಗಟ್ಟಲೆ ಇರುತ್ತದೆ. ಕರುಳಿನ ಬಹುಭಾಗ ಕಳೆದುಕೊಂಡು ರಕ್ತನಾಳದ ಮೂಲಕವೇ ಪೋಷಣೆ ಪಡೆಯುವ ಮಗುವಿಗೆ ಅದಿಲ್ಲದೆ ದಿನ ಸಾಗದು; ಕಿತ್ತರೆ ಮತ್ತೊಂದು ನಾಳ ಸಿಗುವುದೂ ಕಷ್ಟ. ಹಾಗೆಂದು ಸೋಂಕಿತ ಲೈನನ್ನು ಬಿಡುವಂತೆಯೂ ಇಲ್ಲ.

ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮೊದಲು ಲೈನನ್ನೇ ಅನುಮಾನಿಸುತ್ತೇನೆ. “ಲೈನ್‌ಗೆ ಸಲೈನ್ ಬುಟ್ಟ ಮ್ಯಾಲೆ ಮಗ ಗಡಗಡ ನಡುಗ್ತದೆ ಡಾಕ್ಟ್ರೇ” ಎಂದು ಮಳವಳ್ಳಿ ಕಡೆಯ ತಾಯಿ ಹೇಳಿದರೆ ಅನುಮಾನ ಬಹುತೇಕ ಖಚಿತವಾಗುತ್ತದೆ. ಆಂಟಿಬಯೋಟಿಕ್‌ನ ಮೊದಲ ಡೋಸಿಗೆ ಮುನ್ನ ಲೈನಿನಿಂದಲೂ ಕೈಯ ನಾಳದಿಂದಲೂ ಒಂದೇ ಹೊತ್ತಿಗೆ, ಸಮ ಪ್ರಮಾಣದಲ್ಲಿ ರಕ್ತ ತೆಗೆದು ಕಲ್ಚರ್‌ಗೆ, ಅಂದರೆ ರೋಗಾಣು ಬೆಳೆಸಿ ನೋಡುವ ಪರೀಕ್ಷೆಗೆ, ಕಳಿಸುತ್ತೇವೆ. ಅಳುವ ಮಗುವಿಗೆ ಮತ್ತೆ ಸೂಜಿ ಚುಚ್ಚಲು ಕಿರಿಯ ವೈದ್ಯರು ಹಿಂಜರಿಯುತ್ತಾರೆ, ನಾನು ಬಿಡುವುದಿಲ್ಲ. ಲೈನಿನ ರಕ್ತದಲ್ಲಿ ಅದೇ ರೋಗಾಣು ಕೈಯ ರಕ್ತಕ್ಕಿಂತ ಕನಿಷ್ಠ 2 ಗಂಟೆ ಮೊದಲೇ ಬೆಳೆದರೆ ಸೋಂಕಿನ ಮೂಲ ಲೈನೇ ಎಂದು ತಿಳಿಯುವುದು ಈ ಜೋಡಿ ಮಾದರಿಯಿಂದ. ಕೈಕಾಲು ತಣ್ಣಗಾಗಿ ಮಗು ಶಾಕ್‌ಗೆ, ಅಂದರೆ ರಕ್ತಸಂಚಾರ ಕುಸಿಯುವ ಸ್ಥಿತಿಗೆ, ಹೋಗುತ್ತಿದ್ದರೆ ಮಾತ್ರ ಕಲ್ಚರ್‌ಗಾಗಿ ಔಷಧಿಯನ್ನು ತಡೆಯುವುದಿಲ್ಲ.

ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಅಥವಾ ಕ್ಯಾಂಡಿಡಾ ಎಂಬ ಶಿಲೀಂಧ್ರ ಬೆಳೆದರೆ, ಇಲ್ಲವೇ ಸರಿಯಾದ ಔಷಧಿ ಕೊಟ್ಟು 72 ಗಂಟೆಯಾದರೂ ಕಲ್ಚರ್ ಪಾಸಿಟಿವ್ ಆಗಿಯೇ ಇದ್ದರೆ, ಲೈನ್ ತೆಗೆಸುತ್ತೇನೆ. ಚರ್ಮದ ಮೇಲಿರುವ ಕೋಆಗ್ಯುಲೇಸ್ ನೆಗೆಟಿವ್ ಸ್ಟ್ಯಾಫಿಲೊಕಾಕಸ್ ಒಂದೇ ಬಾಟಲಿಯಲ್ಲಿ ಬೆಳೆದರೆ ಅದು ಮಾದರಿಗೆ ಸೇರಿದ ಕಲ್ಮಶವಿರಬಹುದೆಂದು ಮತ್ತೊಮ್ಮೆ ಪರೀಕ್ಷಿಸುತ್ತೇವೆ. ನಿಜವಾದ ಸೋಂಕಾಗಿದ್ದು ಮಗು ಸ್ಥಿರವಾಗಿದ್ದರೆ, 10ರಿಂದ 14 ದಿನ ಔಷಧಿಯ ಜೊತೆಗೆ ಲಾಕ್ ಚಿಕಿತ್ಸೆ ಕೊಟ್ಟು ಲೈನ್ ಉಳಿಸಲು ನೋಡುತ್ತೇನೆ. ಕೊಳವೆಯ ಒಳಗೋಡೆಗೆ ಪದರವಾಗಿ ಅಂಟಿದ ರೋಗಾಣುವನ್ನು ರಕ್ತದಲ್ಲಿ ಹರಿಯುವ ಔಷಧಿ ಸರಿಯಾಗಿ ಮುಟ್ಟದ ಕಾರಣ, ಲಾಕ್ ಚಿಕಿತ್ಸೆಯಲ್ಲಿ ಔಷಧಿಯ ಗಾಢವಾದ ದ್ರಾವಣವನ್ನು ಲೈನಿನೊಳಗೆ ಗಂಟೆಗಟ್ಟಲೆ ನಿಲ್ಲಿಸಬೇಕು. ಅಷ್ಟು ಹೊತ್ತು ಲೈನನ್ನು ಬೇರೆ ಯಾವುದಕ್ಕೂ ಬಳಸುವಂತಿಲ್ಲವಾದ್ದರಿಂದ ಪೋಷಣೆಯನ್ನು ರಾತ್ರಿಗೆ ಹೊಂದಿಸುತ್ತೇವೆ. ನನ್ನ ಮಟ್ಟಿಗೆ ಇದೇ ಅತ್ಯಂತ ತ್ರಾಸದಾಯಕ ಭಾಗ.

ಮನೆಗೆ ಕಳಿಸುವ ಮುನ್ನ ತಾಯಂದಿರಿಂದಲೇ ಕೈ ತೊಳೆಸಿ, ಲೈನಿನ ತುದಿಯನ್ನು ಸ್ಪಿರಿಟ್‌ನಿಂದ 15 ಸೆಕೆಂಡು ಉಜ್ಜಿ ಒಣಗಲು ಬಿಡುವುದನ್ನು ಮಾಡಿಸಿ ನೋಡುತ್ತೇವೆ. ಮಂಡ್ಯ ಕಡೆಯವರಿಗೆ ನಾಲೆಯಲ್ಲಿ ಈಜು ಬೇಡವೆಂದು ಬಿಡಿಸಿ ಹೇಳಬೇಕಾಗುತ್ತದೆ. ಜ್ವರ ಬಂದಾಗ ಮೆಡಿಕಲ್ ಶಾಪಿನ ಆಂಟಿಬಯೋಟಿಕ್ ಕೊಡದೆ ನೇರ ಬರಬೇಕೆಂದೂ, ಮೊದಲು ತಾಲ್ಲೂಕು ಆಸ್ಪತ್ರೆಗೆ ಹೋದರೆ ಅಲ್ಲಿನ ವೈದ್ಯರಿಗೆ ತೋರಿಸಲೆಂದೂ, ಲೈನಿನ ಬಗೆ, ಹಾಕಿದ ದಿನಾಂಕ ಮತ್ತು ‘ಮೊದಲು ಕಲ್ಚರ್’ ಎಂಬ ಸೂಚನೆಯನ್ನು ಡಿಸ್ಚಾರ್ಜ್ ಚೀಟಿಯ ಮೇಲ್ತುದಿಯಲ್ಲೇ ಬರೆದುಕೊಡುತ್ತೇನೆ.